ಭಯದ ಪಟ್ಟಿ, ಖರ್ಚಿನ ಪಟ್ಟಿ

ಕುದುರೆಮುಖ–ಆಗುಂಬೆ ಪ್ರವಾಸಕ್ಕೆ ಹಣ ಕಟ್ಟುವ ಮೊದಲು ಒಂದು ಹಾಳೆ ತೆಗೆದುಕೊಂಡು ನನ್ನ ಭಯಗಳನ್ನೆಲ್ಲ ಬರೆದೆ. ಘಟ್ಟದ ತಿರುವುಗಳಲ್ಲಿ ವಾಂತಿ. ಇಂಬಳ. ಹಾವು. ಗುರುತಿಲ್ಲದವರ ಜೊತೆ ಒಂದೇ ಕೋಣೆ. ಜಾರಿ ಬಿದ್ದು ಕಾಲು ಮುರಿದರೆ ಆಸ್ಪತ್ರೆ ಎಷ್ಟು ದೂರ? ಎಲ್ಲರೂ ಮುಂದೆ ಹೋಗಿ ಕಾಡಿನಲ್ಲಿ ನಾನೊಬ್ಬಳೇ ಉಳಿದರೆ? ಕಟ್ಟಿದ ಹಣವೇ ಮುಳುಗಿದರೆ?

ಐವತ್ತು ದಾಟಿದ್ದರೂ ಅಲ್ಲಿಯವರೆಗೆ ಮನೆಯವರಿಲ್ಲದೆ ನಾನು ಪ್ರವಾಸ ಹೋದವಳಲ್ಲ. ಬೆಟ್ಟ ನೋಡಬೇಕೆಂಬ ಆಸೆ ಹಳೆಯದು. ಯಜಮಾನರ ಮಂಡಿನೋವು ಅದಕ್ಕೆ ಒಪ್ಪುವಂತಿರಲಿಲ್ಲ. ಉಳಿದ ದಾರಿ ಗುಂಪಿನ ಜೊತೆ ಹೋಗುವುದು. ಹಾಗಾಗಿ ಪ್ರತಿ ಭಯದ ಮುಂದೆಯೂ ಅದನ್ನು ಕಳೆಯಲು ಎಷ್ಟು ಖರ್ಚಾದೀತು ಎಂದು ಬರೆಯುತ್ತಾ ಹೋದೆ. ಕೆಲವುಗಳ ಮುಂದೆ ಸೊನ್ನೆ ಬಂತು, ಕೆಲವುಗಳ ಮುಂದೆ ಸಾವಿರಗಳು ಬಂದವು, ಒಂದೆರಡರ ಮುಂದೆ ಏನೂ ಬರೆಯಲಾಗಲಿಲ್ಲ. ಅಂಜುವವರು ಪ್ರವಾಸದಲ್ಲಿ ಧೈರ್ಯಕ್ಕಾಗಿ ಹಣ ಕೊಡುವುದು ನ್ಯಾಯವಾದ ಖರ್ಚು ಎಂದೇ ನಾನು ನಂಬಿದ್ದೇನೆ. ಆದರೆ ಯಾವ ರೂಪಾಯಿ ಯಾವ ಭಯವನ್ನು ಕಳೆಯುತ್ತದೆ ಎಂಬುದು ಕೊಡುವವರಿಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಹಣವೂ ಹೋಗುತ್ತದೆ, ಭಯವೂ ಹಾಗೇ ಉಳಿಯುತ್ತದೆ.

ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹೊರಟು ಸೋಮವಾರ ಬೆಳಗಾಗುವುದರೊಳಗೆ ತಂದುಬಿಡುವ ಚಾರಣ ತಂಡಗಳು ನಾಲ್ಕೂವರೆ ಸಾವಿರದ ಆಸುಪಾಸು ಕೇಳಿದವು. ನಾನು ಕೊನೆಗೆ ಆರಿಸಿದ ಪ್ರವಾಸಕ್ಕೆ 13,500 ರೂಪಾಯಿ. ಅದು ಇನ್ನಷ್ಟು ಉದ್ದದ ಪ್ರವಾಸ, ಕುದುರೆಮುಖದ ಬೆಟ್ಟದ ಜೊತೆ ಆಗುಂಬೆಯ ಮಳೆಕಾಡೂ ಸೇರಿತ್ತು, ನಿಜ. ಆದರೂ ದಿನದ ಲೆಕ್ಕದಲ್ಲಿ ನೋಡಿದಾಗಲೂ ದುಬಾರಿಯೇ. ಎಲ್ಲಿ ಹೆಚ್ಚಾಗಿದೆ ಎಂದು ಆಯೋಜಕರನ್ನೇ ಕೇಳಿದೆ. ಅವರು ಬೇಸರಿಸಿಕೊಳ್ಳದೆ ಬಿಡಿಸಿ ಹೇಳಿದರು: ಗುಂಪಿನಲ್ಲಿ ಹನ್ನೆರಡೇ ಜನ, ಬೆಟ್ಟಕ್ಕೆ ಇಬ್ಬರು ಸ್ಥಳೀಯ ಗೈಡ್‌ಗಳು, ಕಾಡಿಗೆ ಒಬ್ಬ ನಿಸರ್ಗತಜ್ಞ, ರಾತ್ರಿ ಪ್ರಯಾಣ ಇಲ್ಲ.

ಈ ಕೊನೆಯ ಮಾತಿನ ಬೆಲೆ ಅಂಜುವವರಿಗೇ ಗೊತ್ತು. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು, ಬೆಳಗ್ಗೆ ಮುಖ ತೊಳೆದವರೇ ಬೆಟ್ಟ ಹತ್ತುವುದು ಇಪ್ಪತ್ತೈದರ ಮೈಗೆ ಸರಿ. ಹಗಲು ಪ್ರಯಾಣವೆಂದರೆ ಒಂದು ರಾತ್ರಿಯ ವಸತಿ ಹೆಚ್ಚು, ಚಾಲಕರ ಒಂದು ದಿನದ ಸಂಬಳ ಹೆಚ್ಚು. ಕೊಟ್ಟಿಗೆಹಾರದಲ್ಲಿ ನಿಂತು ಬಿಸಿ ನೀರುದೋಸೆ ತಿಂದು, ಕಳಸದ ದಾರಿಯ ಕಾಫಿ ತೋಟಗಳನ್ನು ಹಗಲಿನ ಬೆಳಕಿನಲ್ಲಿ ನೋಡುತ್ತಾ ಹೋದ ಆ ಪ್ರಯಾಣಕ್ಕೆ ಕೊಟ್ಟ ಹಣ ನನಗೆ ಒಂದು ಕ್ಷಣವೂ ಹೆಚ್ಚೆನಿಸಲಿಲ್ಲ. ವಾಂತಿಯ ಭಯಕ್ಕೆ ಆದ ಖರ್ಚು ಮಾತ್ರೆಯ ಕೆಲವು ರೂಪಾಯಿ ಅಷ್ಟೆ. ಗಾಡಿಯ ಮುಂದಿನ ಸೀಟು ಬೇಕೆಂದು ಬುಕಿಂಗ್ ಮಾಡುವಾಗಲೇ ಕೇಳಿಕೊಂಡಿದ್ದೆ, ಅದಕ್ಕೆ ಯಾರೂ ಹಣ ಕೇಳಲಿಲ್ಲ.

ಕೋಣೆಯ ವಿಷಯಕ್ಕೆ ಬರುತ್ತೇನೆ. ಪ್ಯಾಕೇಜಿನ ದರ ಎಂದು ಜಾಹೀರಾತಿನಲ್ಲಿ ಕಾಣುವುದು ಸಾಮಾನ್ಯವಾಗಿ ಇಬ್ಬರು ಒಂದು ಕೋಣೆ ಹಂಚಿಕೊಂಡಾಗಿನ ದರ. ಒಬ್ಬರೇ ಇರಬೇಕೆಂದರೆ ಮೇಲೆ ಕೊಡಬೇಕು. ನನಗೆ 3,000 ರೂಪಾಯಿ ಹೇಳಿದರು. ಮೊದಲಿಗೆ ಅನ್ಯಾಯ ಎನಿಸಿದರೂ ಲೆಕ್ಕ ಸರಳ: ಹೋಂಸ್ಟೇಯವರಿಗೆ ಕೋಣೆಯಲ್ಲಿ ಒಬ್ಬರಿದ್ದರೂ ಇಬ್ಬರಿದ್ದರೂ ಆ ಕೋಣೆ ಹೋದಂತೆಯೇ. ಹಂಚಿಕೊಳ್ಳಲು ಇನ್ನೊಬ್ಬ ಹೆಂಗಸು ಸಿಕ್ಕರೆ ಈ ಮೊತ್ತ ಉಳಿಯುತ್ತದೆ. ಸಿಗದಿದ್ದರೆ ಯಾರು ಭರಿಸಬೇಕು ಎಂಬುದು ಆಯೋಜಕರಿಂದ ಆಯೋಜಕರಿಗೆ ಬೇರೆ. ಮೊದಲೇ ಕೇಳಿಕೊಳ್ಳಿ. ನಾನು ಪೂರ್ತಿ ಕೊಟ್ಟು ಒಬ್ಬಳೇ ಇದ್ದೆ. ಮೊದಲ ಸಲ ಹೊರಟವಳಿಗೆ ಸಂಜೆ ಬಾಗಿಲು ಹಾಕಿಕೊಂಡು ಸುಮ್ಮನೆ ಕೂರಲು ಒಂದು ಜಾಗ ಬೇಕಿತ್ತು. ಮುಂದಿನ ಸಲ ಬಹುಶಃ ಬೇಡವಾದೀತು. ಈ ಖರ್ಚು ಮೊದಲ ಪ್ರವಾಸದ್ದು, ಪ್ರತಿ ಪ್ರವಾಸದ್ದಲ್ಲ ಎಂದು ಬರೆದಿಟ್ಟುಕೊಂಡಿದ್ದೇನೆ.

ಇವೆಲ್ಲದರ ಮೇಲೆ ಜಿಎಸ್‌ಟಿ. ಪ್ರವಾಸ ಪ್ಯಾಕೇಜಿಗೆ 5%. ಹೇಳಿದ ದರದಲ್ಲಿ ಅದು ಸೇರಿದೆಯೇ ಎಂದು ಕೇಳದಿದ್ದರೆ ಕೊನೆಯಲ್ಲಿ ಸೇರಿಕೊಳ್ಳುತ್ತದೆ. 16,500ಕ್ಕೆ 825 ಸೇರಿ ನನಗೆ ಬಿದ್ದದ್ದು 17,325 ರೂಪಾಯಿ. ಕಂತಿನಲ್ಲಿ ಕಟ್ಟಬಹುದು, ಬಡ್ಡಿಯೇ ಇಲ್ಲ ಎಂದೂ ಒಂದು ಆಯ್ಕೆ ತೋರಿಸಿದರು. ಬಡ್ಡಿಯಿಲ್ಲದ ಕಂತು ಎಂಬುದೇ ಇಲ್ಲ, ಬಡ್ಡಿಯನ್ನು ಬೇರೆ ಶುಲ್ಕದೊಳಗೆ ಸೇರಿಸಲಾಗಿರುತ್ತದೆ ಎಂಬ ಎಚ್ಚರಿಕೆಯನ್ನು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಕೊಟ್ಟಿದೆ. ಮನೆ, ಓದು, ಚಿಕಿತ್ಸೆಗೆ ಸಾಲ ಮಾಡಬೇಕಾಗಿ ಬರುವುದುಂಟು. ಸಂತೋಷಕ್ಕೆ ಹೊರಟು ಬಂದಮೇಲೆ ತಿಂಗಳುಗಟ್ಟಲೆ ಕಂತು ಕಟ್ಟುವುದನ್ನು ನಾನು ಯಾರಿಗೂ ಹೇಳಲಾರೆ.

ಹಣ ಮುಳುಗುವ ಭಯವನ್ನು ಕಳೆದುಕೊಳ್ಳಲು ಹಣ ಬೇಕಿಲ್ಲ, ಸಂಜೆಯ ಒಂದಿಷ್ಟು ಹೊತ್ತು ಸಾಕು. ಕುದುರೆಮುಖದ ಮಟ್ಟಿಗೆ ಒಂದು ಅನುಕೂಲವಿದೆ. ಅದು ರಾಷ್ಟ್ರೀಯ ಉದ್ಯಾನ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಶಿಖರದ ದಾರಿಗೆ ಕಾಲಿಡುವಂತಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಒಂದೇ ವಾರಾಂತ್ಯಕ್ಕೆ ಸಾವಿರಾರು ಜನ ನುಗ್ಗಿದ ಮೇಲೆ ಇಲಾಖೆ ಬಿಗಿ ಮಾಡಿತು. ಈಗ ಚಾರಣದ ಟಿಕೆಟನ್ನು ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಚಿತವಾಗಿ ತೆಗೆದುಕೊಳ್ಳಬೇಕು, ದಿನಕ್ಕೆ 300 ಜನರ ಮಿತಿ. ಆದ್ದರಿಂದ ಆಯೋಜಕರನ್ನು ಕೇಳಬೇಕಾದ ಮೊದಲ ಪ್ರಶ್ನೆ: ‘ನನ್ನ ಹೆಸರಿನ ಟಿಕೆಟ್ ಯಾವಾಗ ಕಳಿಸುತ್ತೀರಿ?’ ಟಿಕೆಟ್ ಕೈಗೆ ಬರುವವರೆಗೆ ಪೂರ್ತಿ ಹಣ ಕಟ್ಟಬಾರದು. ನಾನು ಕಾಲುಭಾಗ ಮುಂಗಡ ಕೊಟ್ಟು, ಉಳಿದದ್ದನ್ನು ಟಿಕೆಟ್ ಬಂದಮೇಲೆ ಕೊಟ್ಟೆ. ಯುಪಿಐನಲ್ಲಿ ಕಳಿಸುವಾಗ ಹಣ ಪಡೆಯುವವರ ಹೆಸರು ಪರದೆಯ ಮೇಲೆ ಬರುತ್ತದಲ್ಲ, ಅಲ್ಲಿ ಸಂಸ್ಥೆಯ ಹೆಸರೇ ಇದೆಯೇ ಎಂದು ನೋಡಿಕೊಂಡೆ. ಬಿಲ್ಲಿನಲ್ಲಿ ಒಂದು ಹೆಸರು, ಖಾತೆಯಲ್ಲಿ ಯಾರದೋ ವೈಯಕ್ತಿಕ ಹೆಸರು ಇದ್ದರೆ ನಾನಂತೂ ಕಳಿಸುವುದಿಲ್ಲ.

ರದ್ದು ಮಾಡಿದರೆ ಎಷ್ಟು ಹಿಂತಿರುಗುತ್ತದೆ ಎಂಬುದನ್ನು ಎಲ್ಲರೂ ಕೇಳುತ್ತಾರೆ. ನಾನು ರದ್ದು ಮಾಡದೆ ಆಯೋಜಕರೇ ರದ್ದು ಮಾಡಿದರೆ ಎಂಬುದನ್ನು ಕೇಳುವವರು ಕಡಿಮೆ. ಮಲೆನಾಡಿನಲ್ಲಿ ಗುಡ್ಡ ಕುಸಿದು ಘಟ್ಟದ ರಸ್ತೆ ಮುಚ್ಚುವುದು, ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಇಲಾಖೆ ಚಾರಣ ನಿಲ್ಲಿಸುವುದು ಅಪರೂಪವಲ್ಲ. ಕೇಳಿದಾಗ ‘ಮುಂದಿನ ತಂಡಕ್ಕೆ ಹೊಂದಿಸಿಕೊಡ್ತೀವಿ ಮೇಡಂ’ ಎಂಬ ಉತ್ತರ ಬಂತು. ನನಗೆ ರಜೆ ಸಿಗದಿದ್ದರೆ? ಮತ್ತೊಮ್ಮೆ ಕೇಳಿದ್ದಕ್ಕೆ, ಆಗಲೇ ಖರ್ಚಾದದ್ದನ್ನು ಕಳೆದು ಉಳಿದ ಹಣ ಮರಳಿಸುವುದಾಗಿ ಮಿಂಚಂಚೆಯಲ್ಲಿ ಬರೆದುಕೊಟ್ಟರು. ಬಾಯಿಮಾತಿಗೂ ಬರಹಕ್ಕೂ ಇರುವ ವ್ಯತ್ಯಾಸ ತಕರಾರು ಬಂದಾಗ ತಿಳಿಯುತ್ತದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೂ, ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದರೂ ಮೊದಲು ಕೇಳುವುದು ಕಾಗದವನ್ನೇ. ಐದು ಲಕ್ಷದವರೆಗಿನ ವ್ಯವಹಾರದ ದೂರಿಗೆ ಆಯೋಗದಲ್ಲಿ ಶುಲ್ಕವಿಲ್ಲ.

ಕಾಲು ಮುರಿಯುವ ಭಯಕ್ಕಾಗಿ ಒಂದು ರಾತ್ರಿ ಕೂತು ನನ್ನ ಆರೋಗ್ಯ ವಿಮೆಯ ಪಾಲಿಸಿ ಓದಿದೆ. ಚಾರಣದಲ್ಲಿ ಪೆಟ್ಟಾದರೆ ವಿಮೆ ಕೊಡುವುದಿಲ್ಲ ಎಂದು ಹಲವರು ಹೇಳಿದ್ದರು. ಅಪಾಯಕರ ಅಥವಾ ಸಾಹಸ ಕ್ರೀಡೆಗಳ ಬಗ್ಗೆ ಆರೋಗ್ಯ ವಿಮೆಯಲ್ಲಿರುವ ಹೊರಗಿಡುವ ಷರತ್ತನ್ನು ವಿಮಾ ನಿಯಂತ್ರಣ ಪ್ರಾಧಿಕಾರವೇ ಏಕರೂಪವಾಗಿ ಬರೆದಿದೆ. ಪಾಲಿಸಿಯಲ್ಲಿ ಅದು ‘ಎಕ್ಸ್‌ಸಿಎಲ್ 09’ ಎಂಬ ಗುರುತಿನೊಂದಿಗೆ ಬರುತ್ತದೆ. ಅದು ಹೊರಗಿಡುವುದು ಅಂಥ ಕ್ರೀಡೆಯಲ್ಲಿ ವೃತ್ತಿಪರರಾಗಿ ಭಾಗವಹಿಸಿದವರ ಚಿಕಿತ್ಸೆಯನ್ನು. ಗೈಡ್ ಜೊತೆ ಬೆಟ್ಟ ನೋಡಲು ಹೋಗುವ ನನ್ನಂಥವರು ಆ ಸಾಲಿಗೆ ಬರುವುದಿಲ್ಲ. ಅಪಘಾತ ವಿಮೆಗಳ ಒಕ್ಕಣೆ ಬೇರೆ ಬೇರೆ ಇರಬಹುದು, ಅದನ್ನು ಪ್ರತ್ಯೇಕವಾಗಿ ಓದಬೇಕು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ನನ್ನ ಬ್ಯಾಂಕು ಖಾತೆಯಲ್ಲಿ ಮೊದಲಿನಿಂದ ಇತ್ತು. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ ಎರಡು ಲಕ್ಷ ಕೊಡುತ್ತದೆ. ಖಾತೆಯಿರುವ 18ರಿಂದ 70 ವರ್ಷದವರು ಯಾರು ಬೇಕಾದರೂ ಮಾಡಿಸಬಹುದು, ಮಾಡಿಸಿರದವರು ಈ ವಾರವೇ ಮಾಡಿಸಿ. ಕಳಸದ ಆಚೆ ದೊಡ್ಡ ಚಿಕಿತ್ಸೆ ಬೇಕಾದರೆ ಕಾರ್ಕಳ, ಮಣಿಪಾಲ, ಮಂಗಳೂರು ಕಡೆಗೇ ಇಳಿಯಬೇಕು. ಆ ಊರುಗಳಲ್ಲಿ ನನ್ನ ವಿಮೆಯ ನಗದುರಹಿತ ಸೌಲಭ್ಯ ಇರುವ ಆಸ್ಪತ್ರೆಗಳ ಹೆಸರನ್ನು ಕಾಗದದ ಮೇಲೆ ಬರೆದುಕೊಂಡೆ. ಬೆಟ್ಟದಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ.

ಇದೇ ಕಾರಣಕ್ಕೆ ನಗದೂ ಬೇಕು. ಯುಪಿಐಗೆ ಅಭ್ಯಾಸವಾದ ನಾವು ನೂರರ ನೋಟುಗಳನ್ನು ಮರೆತೇಬಿಟ್ಟಿದ್ದೇವೆ. ಜೀಪಿನವರಿಗೆ, ಚಹಾಕ್ಕೆ, ಗೈಡ್‌ಗೆ, ಅಡುಗೆಯವರಿಗೆ ಎಂದು ಬೇರೆ ಬೇರೆ ಲಕೋಟೆಯಲ್ಲಿ ಹಾಕಿಕೊಂಡು ಹೋಗಿದ್ದೆ.

ಇನ್ನು ನನ್ನ ಪಟ್ಟಿಯ ಅತಿ ದೊಡ್ಡ ಭಯ, ಹಿಂದೆ ಉಳಿಯುವುದು.

ಕುದುರೆಮುಖ ಶಿಖರ 1,890 ಮೀಟರಿಗೂ ಎತ್ತರ. ಸಂಸೆಯ ಹತ್ತಿರದ ಬಾಳಿಗೆಯಿಂದ ಜೀಪಿನಲ್ಲಿ ಮುಳ್ಳೋಡಿಗೆ ಹೋಗಿ ಅಲ್ಲಿಂದ ನಡೆಯಬೇಕು. ಹೋಗಿ ಬರುವುದು ಸುಮಾರು 20 ಕಿಲೋಮೀಟರು. ಹಣ ಕಟ್ಟುವ ಮೊದಲು ನಾನು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಯಾರು ಹೊರಟರೂ ಕೇಳಬೇಕೆಂದು ಹೇಳುತ್ತೇನೆ. ಗುಂಪಿನ ಕೊನೆಯಲ್ಲಿ ನಡೆಯುವವರು ಯಾರು? ಅರ್ಧದಲ್ಲಿ ತಿರುಗಿ ಬರಬೇಕೆನಿಸಿದರೆ ನನ್ನ ಜೊತೆ ಯಾರು ಬರುತ್ತಾರೆ? ನಲವತ್ತು ಜನರ ಗುಂಪಿಗೆ ಮುಂದೆ ಒಬ್ಬ ಗೈಡ್ ಇದ್ದರೆ ಎರಡನೆಯ ಪ್ರಶ್ನೆಗೆ ಉತ್ತರವೇ ಇಲ್ಲ. ಇಬ್ಬರಿದ್ದರೆ ಒಬ್ಬರು ಮುಂದೆ, ಒಬ್ಬರು ಹಿಂದೆ. ಆ ಎರಡನೆಯವರ ದಿನದ ಕೂಲಿ 1,500 ಎಂದು ಆಯೋಜಕರು ಹೇಳಿದ್ದರು, ಹನ್ನೆರಡು ಜನರಿಗೆ ಹಂಚಿದರೆ ತಲೆಗೆ 125 ರೂಪಾಯಿ. ಇಡೀ ಪ್ರವಾಸದಲ್ಲಿ ನಾನು ಅತಿ ಸಂತೋಷದಿಂದ ಕೊಟ್ಟ ಹಣ ಈ ನೂರ ಇಪ್ಪತ್ತೈದು.

ನಮ್ಮ ಕೊನೆಯ ಗೈಡ್ ಮುಳ್ಳೋಡಿಯ ಕಡೆಯವರೇ, ನನ್ನ ಮಗನ ವಯಸ್ಸಿನ ಹುಡುಗ. ಮೊದಲ ಏರಿನಲ್ಲೇ ನಾನು ಏದುಸಿರು ಬಿಡುವುದನ್ನು ನೋಡಿ, ‘ಅಮ್ಮಾ, ನೀವು ಅವಸರ ಮಾಡ್ಬೇಡಿ. ನಾನು ಹೆಂಗೂ ಹಿಂದೇನೇ ಇರೋದು’ ಎಂದ. ಅಷ್ಟೇ ಮಾತು. ಆಮೇಲೆ ಒಮ್ಮೆಯೂ ‘ಬೇಗ’ ಎನ್ನಲಿಲ್ಲ. ಹಳ್ಳ ದಾಟುವಲ್ಲಿ ಯಾವ ಕಲ್ಲಿಗೆ ಕಾಲಿಡಬೇಕೆಂದು ತೋರಿಸುತ್ತಿದ್ದ. ಕಣಿವೆಗಳ ಮಡಿಲಲ್ಲಿ ಕಪ್ಪಗೆ ಶೋಲಾ ಕಾಡು, ಅದರ ಮೇಲೆ ಬೋಳು ಗುಡ್ಡದುದ್ದಕ್ಕೂ ಹಸಿರು ಹುಲ್ಲು. ಆ ಹುಲ್ಲು ಮಳೆನೀರು ಹೀರಿಕೊಂಡು ಬೇಸಿಗೆಯವರೆಗೂ ಹಳ್ಳಗಳಿಗೆ ಬಿಡುತ್ತದೆ ಎಂದು ಅವನೇ ವಿವರಿಸಿದ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ. ನಗರದಲ್ಲಿ ಕೂತು ನೀರಿನ ಬಿಲ್ಲು ಕಟ್ಟುವವರು ಒಮ್ಮೆ ಬಂದು ನೋಡಬೇಕಾದ ಜಾಗ ಇದು ಎಂದು ನನಗೆ ಬಲವಾಗಿ ಅನಿಸಿತು.

ಮಧ್ಯಾಹ್ನದ ಹೊತ್ತಿಗೆ ಶಿಖರ ಕಾಣುತ್ತಿತ್ತು, ಕೊನೆಯ ಏರು ಉಳಿದಿತ್ತು, ಮಂಜು ಇಳಿಯತೊಡಗಿತ್ತು. ಕಾಲು ನಡುಗುತ್ತಿತ್ತು. ಸಂಜೆಯೊಳಗೆ ಎಲ್ಲರೂ ಕೆಳಗಿರಬೇಕೆಂಬುದು ನಿಯಮ. ಗುಂಪಿನ ಒಬ್ಬರು ನಗುತ್ತಾ, ‘ಇಷ್ಟು ದುಡ್ಡು ಕೊಟ್ಟು ಬಂದು ತುದಿ ಮುಟ್ಟದೆ ಹೋಗ್ತೀರಾ?’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಹಣದ ಮಟ್ಟಿಗೆ ಈ ಮಾತಿನಷ್ಟು ಅಪಾಯದ ತರ್ಕ ಇನ್ನೊಂದಿಲ್ಲ. ಕೊಟ್ಟ 17,325 ರೂಪಾಯಿ ನಾನು ಶಿಖರ ಹತ್ತಿದರೂ ಹಿಂತಿರುಗದು, ಹತ್ತದಿದ್ದರೂ ಹಿಂತಿರುಗದು. ಅಲ್ಲಿ ನಿಂತು ತೀರ್ಮಾನಿಸಬೇಕಾದದ್ದು ಮುಂದಿನ ಒಂದು ಗಂಟೆಯ ಬಗ್ಗೆ ಮಾತ್ರ: ಈ ಕಾಲು, ಈ ಮಂಜು, ಇಳಿಯಬೇಕಾದ ಈ ದೂರ. ಬೆಲೆ ಇಳಿಯುತ್ತಲೇ ಇರುವ ಷೇರನ್ನು ‘ಕೊಂಡ ಬೆಲೆ ಬರಲಿ’ ಎಂದು ಹಿಡಿದುಕೊಂಡು ಕೂತವರನ್ನು ನಾನು ಬಹಳ ಕಂಡಿದ್ದೇನೆ. ಯೋಚನೆಯ ದಾರಿ ಒಂದೇ. ಬೆಟ್ಟದಲ್ಲಿ ಅದಕ್ಕೆ ತೆರಬೇಕಾದದ್ದು ಮೈಮೂಳೆ. ನಾನು ಹುಲ್ಲಿನ ಮೇಲೆ ಕೂತು ಅರ್ಧ ಗಂಟೆ ಆ ಬೆಟ್ಟಗಳನ್ನು ಕಣ್ತುಂಬ ನೋಡಿ, ಹುಡುಗನ ಜೊತೆ ಇಳಿದೆ. ಮುಂದಿನ ಗೈಡ್ ಉಳಿದ ಹನ್ನೊಂದು ಜನರನ್ನು ತುದಿಗೆ ಕರೆದುಕೊಂಡು ಹೋದ. ತುದಿ ತಲುಪದಿದ್ದುದಕ್ಕೆ ನನಗೆ ಆ ದಿನವೂ ಬೇಸರವಾಗಲಿಲ್ಲ, ಇವತ್ತೂ ಇಲ್ಲ. ಯಾವಾಗ ಬೇಕಾದರೂ ತಿರುಗಬಹುದು ಎಂಬ ಸ್ವಾತಂತ್ರ್ಯಕ್ಕೇ ನಾನು ಹಣ ಕೊಟ್ಟಿದ್ದು, ಅದು ಪೂರ್ತಿ ಸಂದಿತ್ತು.

ಇಳಿಯುವಾಗ ಹುಡುಗ ತನ್ನ ಊರಿನ ಕಥೆ ಹೇಳಿದ. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ನಿಂತಿತು. ಕಾಡು, ನದಿ ಉಳಿಯಲು ನಿಲ್ಲಲೇಬೇಕಿದ್ದ ಗಣಿ ಅದು. ಈಗ ಸುತ್ತಲಿನ ಹಳ್ಳಿಗಳಿಗೆ ಅಡಿಕೆ, ಕಾಫಿಯ ಜೊತೆ ಹೋಂಸ್ಟೇ, ಜೀಪು, ಗೈಡ್ ಕೆಲಸವೂ ಒಂದು ಸಂಪಾದನೆ, ಮಳೆಗಾಲದಲ್ಲಿ ಏರಿಳಿಯುವ ಸಂಪಾದನೆ. ಆದ್ದರಿಂದ ಭಕ್ಷೀಸನ್ನು ಗುಂಪಿನ ಡಬ್ಬಿಗೆ ಹಾಕದೆ ಕೈಗೇ ಕೊಡಿ. ಎಷ್ಟು ಎಂದು ನನ್ನನ್ನು ಕೇಳಿದರೆ, ಪ್ಯಾಕೇಜಿನ ಹತ್ತನೇ ಒಂದು ಭಾಗವನ್ನು ಇಂಥ ಕೈಗಳಿಗೆಂದು ಮೊದಲೇ ತೆಗೆದಿಡುವುದು ಮರ್ಯಾದೆ. ನನ್ನ ಲಕೋಟೆಗಳೆಲ್ಲ ಸೇರಿ 1,700 ರೂಪಾಯಿ ಆಗಿದ್ದವು.

ಇಂಬಳದ ಮಾತು ಬೇಗ ಮುಗಿಸುತ್ತೇನೆ. ಅದು ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವೊಂದನ್ನು ಬಿಡುವುದರಿಂದ ಗಾಯ ಸ್ವಲ್ಪ ಹೊತ್ತು ಸೋರುತ್ತದೆ, ಅಷ್ಟೆ. ಮಂಡಿವರೆಗೆ ಬರುವ ಲೀಚ್ ಸಾಕ್ಸ್‌ಗೆ 400 ಕೊಟ್ಟಿದ್ದೆ. ಹೋಂಸ್ಟೇಯ ಅಕ್ಕ ಬಟ್ಟೆಯಲ್ಲಿ ಉಪ್ಪು, ಹೊಗೆಸೊಪ್ಪು ಕಟ್ಟಿ ಕೊಟ್ಟರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ, ಕೆಲಸವನ್ನಂತೂ ಸಾಕ್ಸ್‌ನಷ್ಟೇ ಮಾಡಿತು. ಇಂಬಳಕ್ಕಿಂತ ಉಣ್ಣಿಯ ಬಗ್ಗೆ ಯೋಚಿಸಬೇಕು. ಮಲೆನಾಡಿನ ಮಂಗನ ಕಾಯಿಲೆ ಉಣ್ಣಿಯಿಂದ ಬರುವಂಥದು, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು, ಡಿಸೆಂಬರಿನಿಂದ ಮೇವರೆಗೆ ಹೆಚ್ಚು. ತಿಂಗಳನ್ನು ಆರಿಸಿಕೊಳ್ಳುವಾಗ ಇದೂ ನನ್ನ ಲೆಕ್ಕದಲ್ಲಿತ್ತು.

ಆಗುಂಬೆಗೆ ಬಂದ ಸಂಜೆ ಮಳೆ ಹಿಡಿಯಿತು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು. 900 ರೂಪಾಯಿಯ ರೇನ್‌ಕೋಟಿನ ಬೆಲೆ ಅಲ್ಲಿ ತಿಳಿಯಿತು. ಆಗುಂಬೆಯ ಕಾಡೂ ಕುದುರೆಮುಖವೂ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳು. ನಿಸರ್ಗತಜ್ಞನ ಸಂಬಳವನ್ನು ಪ್ಯಾಕೇಜಿನಲ್ಲಿ ನೋಡಿದಾಗ ಇದು ಬೇಕೇ ಎಂದು ಯೋಚಿಸಿದ್ದೆ. ರಾತ್ರಿ ಟಾರ್ಚ್ ಹಿಡಿದು ಕಾಡಿನ ಅಂಚಿನಲ್ಲಿ ನಡೆಯುವಾಗ, ನಾವು ಹತ್ತು ಹೆಜ್ಜೆ ದಾಟಿ ಹೋಗಿಬಿಡುತ್ತಿದ್ದ ಎಲೆಯೊಂದರ ಮೇಲೆ ಉಗುರಿನಷ್ಟು ಕಪ್ಪೆಯೊಂದು ಗಂಟಲು ಉಬ್ಬಿಸಿ ಕೂಗುತ್ತಿದ್ದುದನ್ನು ಅವರು ತೋರಿಸಿದರು. ಅವರಿಲ್ಲದಿದ್ದರೆ ಅದು ಬರಿ ಕತ್ತಲೆ, ಬರಿ ಸದ್ದು.

ಹಾವಿನ ಭಯವನ್ನು ಅವರ ಮುಂದಿಟ್ಟೆ. ಆಗುಂಬೆ ಕಾಳಿಂಗ ಸರ್ಪಕ್ಕೆ ಹೆಸರಾದ ಜಾಗ. ಹಾವುಗಳ ತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದ್ದೂ ಇಲ್ಲೇ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ವಿಷನಿರೋಧಕ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಕಾಳಿಂಗಕ್ಕೆ, ಇಲ್ಲಿನ ಗುಳಿಮಂಡಲಗಳಿಗೆ ಅಲ್ಲ. ಯಾವ ಹಾವೇ ಕಚ್ಚಲಿ, ತಡಮಾಡದೆ ಆಸ್ಪತ್ರೆಗೆ ಹೋಗಲೇಬೇಕು. ಆದರೆ ಇಲ್ಲಿ ಕಾಪಾಡುವುದು ಕಚ್ಚಿಸಿಕೊಳ್ಳದಂತೆ ನಡೆಯುವುದೇ ಎಂದು ಅವರು ನೇರವಾಗಿ ಹೇಳಿದರು. ಪಾದದ ಗಂಟು ಮುಚ್ಚುವ ಬೂಟಿಗೆ 2,800, ತಲೆಗೆ ಕಟ್ಟುವ ಟಾರ್ಚ್‌ಗೆ 500 ಹಾಕಿದ್ದು ಅಲ್ಲಿಗೆ ಸಾರ್ಥಕವಾಯಿತು. ಅದರಾಚೆಗಿನ ಹಾವಿನ ಭಯವನ್ನು ಕಳೆಯಲು ಹಣದಿಂದ ಆಗುವುದಿಲ್ಲ. ಆ ಭಯ ಇಲ್ಲದಿದ್ದರೆ ಕಾಡಿನಲ್ಲಿ ಕಾಲಿಡುವ ಜಾಗವನ್ನು ನೋಡಿ ಇಡುವುದನ್ನೂ ಬಿಡುತ್ತಿದ್ದೆನೇನೋ.

ಊರಿಗೆ ಬಂದು ಲೆಕ್ಕ ಹಾಕಿದೆ. ಪ್ಯಾಕೇಜು 17,325, ಬೂಟು, ರೇನ್‌ಕೋಟು, ಸಾಕ್ಸು, ಟಾರ್ಚ್ ಸೇರಿ 4,600, ಕೈಖರ್ಚು ಮತ್ತು ಭಕ್ಷೀಸು 1,700. ಒಟ್ಟು 23,625 ರೂಪಾಯಿ. ಇದರಲ್ಲಿ ಕೋಣೆಯ ಮೂರು ಸಾವಿರವೂ ಸಾಮಾನಿನ ನಾಲ್ಕು ಸಾವಿರದ ಆರುನೂರೂ ಮುಂದಿನ ಪ್ರವಾಸಕ್ಕೆ ಬೇಡ.

ಇದನ್ನೆಲ್ಲ ಕೇಳಿದ ನನ್ನ ನಾದಿನಿಗೆ ತಾನೂ ಹೊರಡುವ ಮನಸ್ಸಾಗಿದೆ. ಅವಳಿಗೆ ನಾನು ಹೇಳಿದ್ದು ತಿಂಗಳಿಗೆ ಎರಡು ಸಾವಿರದಂತೆ ಒಂದು ವರ್ಷದ ಆರ್‌ಡಿ ಮಾಡಲು. ಇಪ್ಪತ್ನಾಲ್ಕು ಸಾವಿರ, ಮೇಲೆ ಬಡ್ಡಿ. ಮನೆಯ ಆಪತ್ಕಾಲದ ಹಣಕ್ಕೆ ಕೈಹಾಕಬೇಕಿಲ್ಲ, ಯಾರ ಮುಂದೆಯೂ ಕೇಳಬೇಕಿಲ್ಲ. ಅವಳು ನನ್ನ ಬೂಟಿನ ಅಳತೆ ನೋಡಿಕೊಂಡು ಹೋಗಿದ್ದಾಳೆ. ಹೋಗಬೇಕೆನ್ನುವ ಉಳಿದವರಿಗೂ ಒಂದು ಮಾತು: ಮಳೆ ಹಿಡಿತಕ್ಕೆ ಬಂದು ಹುಲ್ಲು ಇನ್ನೂ ಹಸಿರಾಗಿರುವ ಅಕ್ಟೋಬರ್ ಕೊನೆ, ನವೆಂಬರ್ ಒಳ್ಳೆಯ ಕಾಲ. ಶನಿವಾರ, ಭಾನುವಾರ, ದೀಪಾವಳಿ ರಜೆಯ ವಾರ ಬಿಡಿ. ವಾರದ ನಡುವೆ ಟಿಕೆಟ್ ಸಿಗುವುದು ಸುಲಭ, ಹೋಂಸ್ಟೇಯವರೂ ದರದಲ್ಲಿ ಸ್ವಲ್ಪ ಇಳಿಯುತ್ತಾರೆ, ದಾರಿಯಲ್ಲಿ ಜನ ಕಡಿಮೆಯಿರುವುದರಿಂದ ನಿಧಾನ ನಡೆಯುವವರಿಗೆ ಹಿಂದಿನಿಂದ ಯಾರ ಒತ್ತಡವೂ ಇರುವುದಿಲ್ಲ. ಆಗಸ್ಟಿನಲ್ಲೇ ವಿಚಾರಿಸಲು ಶುರುಮಾಡಿ.